ಖಾತರಿ ಪಿಂಚಣಿಗೆ ನೌಕರರೇ ಏಕೆ ಒಲಿಯಲಿಲ್ಲ?

ಸರ್ಕಾರಿ ನೌಕರರ ಸಂಘಟನೆಗಳು ವರ್ಷಗಳಿಂದ ಒಂದೇ ಬೇಡಿಕೆಗೆ ಪಟ್ಟು ಹಿಡಿದಿವೆ: ಷೇರುಪೇಟೆಯ ಏರಿಳಿತಕ್ಕೆ ಸಿಲುಕದ, ಇಂತಿಷ್ಟೇ ಎಂದು ಮೊದಲೇ ಗೊತ್ತಿರುವ ಪಿಂಚಣಿ ಬೇಕು. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 24ರಂದು ಅಂಥದ್ದೇ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್, 2025ರ ಏಪ್ರಿಲ್ 1ರಿಂದ ಜಾರಿಗೆ ಬಂತು. ತಾವಿರುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯನ್ನು (ಎನ್‌ಪಿಎಸ್) ಬಿಟ್ಟು ಇದನ್ನು ಆರಿಸಿಕೊಳ್ಳಲು ನೌಕರರಿಗೆ ಮೊದಲು ಜೂನ್ 30ರ ಗಡುವಿತ್ತು. ಅದು ಸೆಪ್ಟೆಂಬರ್ 30ಕ್ಕೆ ಹೋಯಿತು, ಅಲ್ಲಿಂದ ನವೆಂಬರ್ 30ಕ್ಕೆ ಹೋಯಿತು. ಇಷ್ಟಾದ ಮೇಲೂ ಅರ್ಹರಾಗಿದ್ದ ಸುಮಾರು 23 ಲಕ್ಷ ಕೇಂದ್ರ ನೌಕರರಲ್ಲಿ ಯುಪಿಎಸ್ ಆರಿಸಿಕೊಂಡವರು 1.22 ಲಕ್ಷದ ಆಸುಪಾಸು. ನೂರಕ್ಕೆ ಆರು ಮಂದಿಯೂ ಇಲ್ಲ.

ಇದರ ಬೆನ್ನಿಗೇ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ಎನ್‌ಪಿಎಸ್‌ನಲ್ಲಿ ಹಣ ತೊಡಗಿಸಿರುವ ಖಾಸಗಿಯವರು ನಿವೃತ್ತಿಯ ವೇಳೆ ತಮ್ಮ ನಿಧಿಯ ಶೇ 80ರಷ್ಟನ್ನು ಇಡುಗಂಟಾಗಿ ತೆಗೆದುಕೊಳ್ಳಬಹುದು ಎಂದು ನಿಯಮ ಸಡಿಲವಾಯಿತು. ಒಂದು ಕಡೆ ತಿಂಗಳು ತಿಂಗಳು ಪಿಂಚಣಿಯ ಖಾತರಿ, ಇನ್ನೊಂದು ಕಡೆ ಪಿಂಚಣಿಯೇ ಬೇಡವೆಂದರೆ ಹಣ ಒಯ್ಯಿರಿ ಎಂಬ ಧಾರಾಳ. ಎರಡೂ ಒಂದೇ ಸರ್ಕಾರದ ಕಾಲದಲ್ಲಿ, ಒಂದೇ ಪಿಂಚಣಿ ನಿಯಂತ್ರಣ ಪ್ರಾಧಿಕಾರದ ನಿಯಮಗಳ ಮೂಲಕ ಬಂದವು. ಓದುಗರಿಗೆ ಗೊಂದಲವಾಗುವುದು ಸಹಜ.

ಯಾವುದರಲ್ಲಿ ಹೆಚ್ಚು ದುಡ್ಡು ಎಂದು ಕೇಳುತ್ತ ಹೋದರೆ ಈ ಗೊಂದಲ ಬಿಡುವುದಿಲ್ಲ. ನಿವೃತ್ತಿಯ ಬದುಕಿನಲ್ಲಿ ಮೂರು ಸಂಗತಿ ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಕೂಡಿಟ್ಟ ಹಣ ಎಷ್ಟು ಬೆಳೆಯುತ್ತದೆ, ಬೆಲೆಗಳು ಎಷ್ಟು ಏರುತ್ತವೆ, ನಾವು ಎಷ್ಟು ಕಾಲ ಬದುಕಿರುತ್ತೇವೆ. ಈ ಮೂರರಲ್ಲಿ ಯಾವುದರ ಭಾರ ಯಾರ ಹೆಗಲಿಗೆ ಎಂಬುದರಲ್ಲೇ ಪಿಂಚಣಿ ಯೋಜನೆಗಳ ನಿಜವಾದ ವ್ಯತ್ಯಾಸವಿದೆ.

ಹಳೆಯದರಲ್ಲಿ ಇದ್ದದ್ದು

ಹಳೆ ಪಿಂಚಣಿ ಯೋಜನೆಯಲ್ಲಿ (ಒಪಿಎಸ್) ಮೂರೂ ಭಾರ ಸರ್ಕಾರದ್ದೇ. ಕೊನೆಯ ಮೂಲ ವೇತನದ ಅರ್ಧ ಪಿಂಚಣಿ, ಅದರ ಮೇಲೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುವ ತುಟ್ಟಿ ಪರಿಹಾರ. ಹೊಸ ವೇತನ ಆಯೋಗ ಬಂದಾಗ ಹಳೆಯ ಪಿಂಚಣಿಯೂ ಮೇಲೇರುತ್ತದೆ. ಕೇಂದ್ರದ ನಿಯಮದಲ್ಲಿ 80 ದಾಟಿದವರಿಗೆ ಪಿಂಚಣಿಯ ಮೇಲೆ ಶೇ 20 ಹೆಚ್ಚುವರಿ, ನೂರು ತಲುಪಿದವರಿಗೆ ಪಿಂಚಣಿಯಷ್ಟೇ ಇನ್ನೊಂದು ಪಾಲು. ಪಿಂಚಣಿದಾರ ತೀರಿಕೊಂಡರೆ ಕುಟುಂಬ ಪಿಂಚಣಿ. ಇದಕ್ಕಾಗಿ ನೌಕರನ ಸಂಬಳದಿಂದ ಒಂದು ಪೈಸೆಯನ್ನೂ ಮುರಿದುಕೊಳ್ಳುತ್ತಿರಲಿಲ್ಲ. (ಸಾಮಾನ್ಯ ಭವಿಷ್ಯ ನಿಧಿಗೆ ಕಟ್ಟುವ ಹಣ ಬೇರೆ, ಅದು ನೌಕರನ ಸ್ವಂತ ಉಳಿತಾಯ. ಎರಡನ್ನೂ ಗೋಜಲು ಮಾಡಿಕೊಂಡವರು ಬಹಳ.)

ಸುಖವಾದ ಏರ್ಪಾಡು. ತೊಡಕೆಂದರೆ, ಈ ಪಿಂಚಣಿಗಾಗಿ ಎಲ್ಲಿಯೂ ಹಣ ಕೂಡಿಟ್ಟಿರಲಿಲ್ಲ. ಈ ವರ್ಷದ ಪಿಂಚಣಿ ಈ ವರ್ಷದ ತೆರಿಗೆಯಿಂದಲೇ ಹೋಗಬೇಕು. ನಿವೃತ್ತರು ಕಡಿಮೆ ಇದ್ದು ಸೇವೆಯಲ್ಲಿರುವವರು ಹೆಚ್ಚಿದ್ದಾಗ, ನಿವೃತ್ತಿಯ ನಂತರದ ಆಯುಷ್ಯ ಹತ್ತು ಹನ್ನೆರಡು ವರ್ಷಕ್ಕೆ ಮುಗಿಯುತ್ತಿದ್ದಾಗ ಇದು ಸರ್ಕಾರಗಳಿಗೆ ಭಾರವೆನಿಸಿರಲಿಲ್ಲ. ಆಯುಷ್ಯ ಬೆಳೆಯಿತು, ಸಂಬಳ ಬೆಳೆಯಿತು. ಮೂವತ್ತು ವರ್ಷ ದುಡಿದವರಿಗೆ ಮತ್ತೆ ಇಪ್ಪತ್ತೈದು ವರ್ಷ ಪಿಂಚಣಿ, ಆಮೇಲೆ ಕುಟುಂಬ ಪಿಂಚಣಿ ಎಂದಾಗ ಬೊಕ್ಕಸದ ಲೆಕ್ಕ ಕೈಮೀರತೊಡಗಿತು.

2004ರ ತಿರುವು

2004ರ ಜನವರಿ 1ರ ನಂತರ ಸೇರಿದ ಕೇಂದ್ರ ನೌಕರರಿಗೆ, ಸೇನಾಪಡೆಗಳನ್ನು ಬಿಟ್ಟು, ಎನ್‌ಪಿಎಸ್ ಕಡ್ಡಾಯವಾಯಿತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಅನ್ವಯವಾಯಿತು. ನೌಕರ ತನ್ನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ಕಟ್ಟುತ್ತಾನೆ. ಕೇಂದ್ರ ಸರ್ಕಾರ ಮೊದಲು ಅಷ್ಟನ್ನೇ ಸೇರಿಸುತ್ತಿತ್ತು. 2019ರ ಏಪ್ರಿಲ್‌ನಿಂದ ಶೇ 14 ಕೊಡುತ್ತಿದೆ. ಹಣ ಷೇರು, ಬಾಂಡ್, ಸರ್ಕಾರಿ ಸಾಲಪತ್ರಗಳಲ್ಲಿ ಬೆಳೆಯುತ್ತದೆ. ಅರವತ್ತಕ್ಕೆ ಶೇ 60ರವರೆಗೆ ಕೈಗೆ ತೆಗೆದುಕೊಂಡು, ಕನಿಷ್ಠ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ (ಒಮ್ಮೆಗೇ ಹಣ ಕಟ್ಟಿಸಿಕೊಂಡು, ಬದುಕಿರುವವರೆಗೆ ಕಂತುಗಳಲ್ಲಿ ಹಣ ಕೊಡುವ ಏರ್ಪಾಡು) ಕೊಳ್ಳಬೇಕು. ಆ ವರ್ಷಾಶನವೇ ಪಿಂಚಣಿ.

ಭಾರ ಕೈ ಬದಲಾಯಿಸಿದ್ದು ಇಲ್ಲಿ. ಹೂಡಿಕೆ ಕುಸಿದರೆ ನಷ್ಟ ನೌಕರನದು. ಬೆಲೆಯೇರಿಕೆಯ ಭಾರವೂ ಅವನದೇ, ಏಕೆಂದರೆ ಸಾಮಾನ್ಯವಾಗಿ ಕೊಳ್ಳುವ ವರ್ಷಾಶನದ ಮೊತ್ತ ಮೊದಲ ತಿಂಗಳು ಎಷ್ಟೋ ಇಪ್ಪತ್ತು ವರ್ಷದ ಮೇಲೂ ಅಷ್ಟೇ. ಆಯುಷ್ಯದ ಭಾರವನ್ನು ಮಾತ್ರ, ಅದೂ ಆ ಶೇ 40ರ ಮಟ್ಟಿಗೆ, ವಿಮಾ ಕಂಪನಿ ಹೊರುತ್ತದೆ.

ನೌಕರರ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಎನ್‌ಪಿಎಸ್ ಅಡಿ ಈವರೆಗೆ ನಿವೃತ್ತರಾದವರಲ್ಲಿ ಹೆಚ್ಚಿನವರು ತಡವಾಗಿ ಸೇವೆಗೆ ಸೇರಿ, ಹತ್ತು ಹದಿನೈದು ವರ್ಷ ಮಾತ್ರ ಹಣ ಕಟ್ಟಿದವರು. ನಿಧಿ ಚಿಕ್ಕದು, ಪಿಂಚಣಿ ಇನ್ನೂ ಚಿಕ್ಕದು. ಪಕ್ಕದ ಮೇಜಿನಲ್ಲಿ ಕೂತು ಅದೇ ಕೆಲಸ ಮಾಡಿದ ಹಳೆ ಯೋಜನೆಯ ಸಹೋದ್ಯೋಗಿಗೆ ಹತ್ತು ಪಟ್ಟು ಬರುತ್ತಿರುವುದನ್ನು ಕಂಡವರಿಗೆ ಚಕ್ರಬಡ್ಡಿಯ ಪಾಠ ಹೇಳಿ ಪ್ರಯೋಜನವಿಲ್ಲ. ಆದರೆ ಮೂವತ್ತೈದು ವರ್ಷ ಪೂರ್ತಿ ಕಟ್ಟಿದವರ ಎನ್‌ಪಿಎಸ್ ಹೇಗಿರುತ್ತದೆ ಎಂಬುದನ್ನು ದೇಶ ಇನ್ನೂ ನೋಡಿಯೇ ಇಲ್ಲ ಎಂಬುದೂ ನಿಜ. ಕರ್ನಾಟಕದಲ್ಲಿ 2006ರಲ್ಲಿ 25ನೇ ವಯಸ್ಸಿಗೆ ಸೇರಿದವರು ನಿವೃತ್ತರಾಗುವುದು 2041ಕ್ಕೆ.

ಯುಪಿಎಸ್‌ನ ಖಾತರಿ, ಅದರ ಷರತ್ತು

ಆಗ ಹಣಕಾಸು ಕಾರ್ಯದರ್ಶಿಯಾಗಿದ್ದ ಟಿ.ವಿ. ಸೋಮನಾಥನ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾದ ಸಮಿತಿಯ ಕೆಲಸದಿಂದ ರೂಪುಗೊಂಡದ್ದು ಯುಪಿಎಸ್. ಹಳೆಯದರಿಂದ ಖಾತರಿಯನ್ನೂ ಹೊಸದರಿಂದ ವಂತಿಗೆಯನ್ನೂ ತೆಗೆದುಕೊಂಡು ಮಾಡಿದ ಯೋಜನೆ. 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ. ಅದಕ್ಕಿಂತ ಕಡಿಮೆ ಸೇವೆಯಾದರೆ ಅದೇ ಪ್ರಮಾಣದಲ್ಲಿ ಕಡಿಮೆ. ಹತ್ತು ವರ್ಷವಾದರೂ ಸೇವೆಯಿದ್ದವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಬೆಲೆ ಸೂಚ್ಯಂಕಕ್ಕೆ ತಕ್ಕ ತುಟ್ಟಿ ಪರಿಹಾರವುಂಟು. ಪಿಂಚಣಿದಾರರ ನಂತರ ಪತಿಗೆ ಅಥವಾ ಪತ್ನಿಗೆ ಶೇ 60. ನೌಕರನ ವಂತಿಗೆ ಶೇ 10, ಸರ್ಕಾರದ್ದು ಒಟ್ಟು ಶೇ 18.5.

ಆ ಶೇ 18.5 ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಶೇ 10 ಮಾತ್ರ ನೌಕರನ ಹೆಸರಿನ ನಿಧಿಗೆ ಸೇರುತ್ತದೆ. ಉಳಿದ ಶೇ 8.5 ಎಲ್ಲರಿಗೂ ಸೇರಿದ ಸಮೂಹ ನಿಧಿಗೆ. ಖಾತರಿಯ ಪಿಂಚಣಿ ಶುರುವಾಗುವಾಗ ನೌಕರ ತನ್ನ ಹೆಸರಿನ ನಿಧಿಯನ್ನೂ ಆ ಸಮೂಹ ನಿಧಿಗೆ ಒಪ್ಪಿಸಬೇಕು. ಅಂದರೆ ಮೂವತ್ತು ವರ್ಷ ಕೂಡಿಟ್ಟದ್ದನ್ನು ಕೊಟ್ಟು, ಬದಲಿಗೆ ಬದುಕಿರುವವರೆಗೆ ಪಿಂಚಣಿ ಪಡೆಯುವ ಒಪ್ಪಂದ ಇದು.

ಸುದ್ದಿಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಇನ್ನೊಂದು ಷರತ್ತೂ ಇದೆ. ನಿಯಮಿತ ವಂತಿಗೆ ಕಟ್ಟುತ್ತ, ನಡುವೆ ಹಣ ತೆಗೆಯದೆ, ಸರ್ಕಾರ ಗೊತ್ತುಪಡಿಸಿದ ಹೂಡಿಕೆಯಲ್ಲೇ ಇದ್ದಿದ್ದರೆ ನಿಧಿ ಎಷ್ಟಾಗುತ್ತಿತ್ತು ಎಂಬ ಒಂದು ಮಾದರಿ ಮೊತ್ತವನ್ನು ಲೆಕ್ಕ ಹಾಕುತ್ತಾರೆ. ನಿಮ್ಮ ನಿಧಿ ಆ ಮೊತ್ತಕ್ಕಿಂತ ಕಡಿಮೆಯಿದ್ದು, ನೀವು ಕೊರತೆಯನ್ನು ತುಂಬದಿದ್ದರೆ ಪಿಂಚಣಿಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಹೆಚ್ಚಿದ್ದರೆ ಹೆಚ್ಚುವರಿ ನಿಮಗೆ ವಾಪಸು. ಮನೆ ಕಟ್ಟಲೋ ಚಿಕಿತ್ಸೆಗೋ ನಡುವೆ ಒಂದಷ್ಟು ಹಣ ತೆಗೆದವರು, ಹೆಚ್ಚು ಲಾಭದ ಆಸೆಯಿಂದ ಬೇರೆ ಹೂಡಿಕೆ ಆರಿಸಿಕೊಂಡು ಹಿಂದೆ ಬಿದ್ದವರು ‘ಅರ್ಧ ಸಂಬಳದ ಖಾತರಿ’ ಎಂಬ ಶೀರ್ಷಿಕೆಯನ್ನಷ್ಟೇ ನಂಬಿಕೊಂಡರೆ ಕೊನೆಗೆ ಬೇಸ್ತು ಬೀಳುತ್ತಾರೆ.

ಒಂದು ಲೆಕ್ಕ

ತಿಳಿವಿಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಬ್ಬರದು 30 ವರ್ಷದ ಸೇವೆ, ಸರಾಸರಿ ಮೂಲ ವೇತನ 80,000 ರೂಪಾಯಿ, ತುಟ್ಟಿಭತ್ಯೆ ಶೇ 50 ಎನ್ನೋಣ. ಯುಪಿಎಸ್‌ನಲ್ಲಿ ಅವರಿಗೆ 40,000 ಪಿಂಚಣಿ, 20,000 ತುಟ್ಟಿ ಪರಿಹಾರ, ಒಟ್ಟು 60,000. ಜೊತೆಗೆ ಪ್ರತಿ ಆರು ತಿಂಗಳ ಸೇವೆಗೆ ತುಟ್ಟಿಭತ್ಯೆ ಸೇರಿದ ಮಾಸಿಕ ವೇತನದ ಹತ್ತನೇ ಒಂದು ಭಾಗದಂತೆ 7.2 ಲಕ್ಷ ಇಡುಗಂಟು.

ಅವರೇ ಎನ್‌ಪಿಎಸ್‌ನಲ್ಲಿ ಉಳಿದು 1.2 ಕೋಟಿ ನಿಧಿ ಆಗಿದೆ ಎನ್ನೋಣ. ಶೇ 40ಕ್ಕೆ, ಅಂದರೆ 48 ಲಕ್ಷಕ್ಕೆ, ಶೇ 6.5ರ ದರದಲ್ಲಿ ವರ್ಷಾಶನ ಕೊಂಡರೆ ತಿಂಗಳಿಗೆ 26,000. ಉಳಿದ 72 ಲಕ್ಷವನ್ನು ಅದೇ ದರಕ್ಕೆ ಠೇವಣಿಯಿಟ್ಟರೆ 39,000. ಒಟ್ಟು 65,000. ತೆರಿಗೆಯನ್ನು ಬದಿಗಿಟ್ಟರೆ ಮೊದಲ ವರ್ಷ ಎನ್‌ಪಿಎಸ್ಸೇ ಮುಂದೆ. ಮೂಲಧನ ಹಿಂದಿರುಗಿಸುವ ಬಗೆಯ ವರ್ಷಾಶನ ಕೊಂಡಿದ್ದರೆ ಆ 1.2 ಕೋಟಿಯೂ ಒಂದು ದಿನ ಮಕ್ಕಳಿಗೆ ಸೇರುತ್ತದೆ.

ಈಗ ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಲಿ. ಸುಮಾರು 12 ವರ್ಷಕ್ಕೆ ಎಲ್ಲವೂ ದುಪ್ಪಟ್ಟು. 72ನೇ ವಯಸ್ಸಿಗೆ ಯುಪಿಎಸ್ ಪಿಂಚಣಿ ತುಟ್ಟಿ ಪರಿಹಾರ ಸೇರಿ 1.2 ಲಕ್ಷದ ಹತ್ತಿರ ಬಂದಿರುತ್ತದೆ. ಎನ್‌ಪಿಎಸ್‌ನವರ 65,000 ಅಷ್ಟೇ ಇರುತ್ತದೆ, ಕೊಳ್ಳುವ ಶಕ್ತಿ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಅಸಲನ್ನು ಕರಗಿಸುವುದೊಂದೇ ಆಗ ದಾರಿ. ಎಷ್ಟು ವರ್ಷಕ್ಕೆ ಕರಗಿಸಬೇಕು ಎಂದು ಲೆಕ್ಕ ಹಾಕಲು ಆಯುಷ್ಯ ಗೊತ್ತಿರಬೇಕು, ಅದು ಗೊತ್ತಿಲ್ಲ. ಅತ್ತ ಯುಪಿಎಸ್‌ನವರು 63ಕ್ಕೇ ತೀರಿಕೊಂಡು, ಅವರ ಸಂಗಾತಿಯೂ ಇಲ್ಲದಿದ್ದರೆ, ಮೂವತ್ತು ವರ್ಷದ ಗಂಟು ಸಮೂಹ ನಿಧಿಯಲ್ಲೇ ಉಳಿಯುತ್ತದೆ. ಮಕ್ಕಳಿಗೆ ಅದರಲ್ಲಿ ಪಾಲಿಲ್ಲ.

ಹೀಗಾಗಿ ‘ಯಾವುದು ಲಾಭ’ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವೇ ಇಲ್ಲ. ದೀರ್ಘಾಯುಷ್ಯವೂ ಬೆಲೆಯೇರಿಕೆಯೂ ನಿಮ್ಮ ಭಯವಾದರೆ ಯುಪಿಎಸ್ ಭದ್ರ. ಹಣ ಕುಟುಂಬದ ಕೈಯಲ್ಲಿ ಉಳಿಯಬೇಕೆಂದರೆ ಎನ್‌ಪಿಎಸ್ ಮೇಲು.

ಒಲ್ಲೆ ಎಂದವರ ಕಾರಣಗಳು

ಮೊದಲನೆಯದು ಚೌಕಾಸಿ. ಯುಪಿಎಸ್‌ಗೆ ಸಹಿ ಹಾಕಿದರೆ ಒಪಿಎಸ್ ಬೇಡಿಕೆಯನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂದು ಹಲವು ಸಂಘಟನೆಗಳು ಭಾವಿಸಿದವು. ವಂತಿಗೆಯಿಲ್ಲದ ಪೂರ್ಣ ಪಿಂಚಣಿಯೇ ಗುರಿಯಾಗಿರುವಾಗ ನಡುದಾರಿಯಲ್ಲಿ ನಿಲ್ಲುವುದೇಕೆ ಎಂಬುದು ಅವರ ವಾದ. ರಾಜಕೀಯವಾಗಿ ಇದರಲ್ಲಿ ಅರ್ಥವಿದೆ. ಆದರೆ ನಿವೃತ್ತಿಗೆ ಎರಡು ವರ್ಷ ಉಳಿದಿರುವವರಿಗೂ ಅದೇ ಸಲಹೆ ಕೊಟ್ಟದ್ದು ನ್ಯಾಯವೆನಿಸುವುದಿಲ್ಲ.

ಎರಡನೆಯದು, ನಿಧಿಯನ್ನು ಒಪ್ಪಿಸುವ ಷರತ್ತು. ಕಣ್ಣೆದುರು ಕಾಣುವ ಕೋಟಿ ರೂಪಾಯಿಯನ್ನು ಬಿಟ್ಟುಕೊಡುವುದು, ಮುಂದೆ ಬರುವ ತಿಂಗಳ ಕಂತುಗಳ ಒಟ್ಟು ಮೌಲ್ಯ ಅದಕ್ಕಿಂತ ಹೆಚ್ಚಿದ್ದರೂ, ಸುಲಭವಲ್ಲ. ನೌಕರಿಯಲ್ಲಿರುವ ಕಿರಿಯರಿಗಂತೂ ಷೇರುಪೇಟೆಯ ಮೇಲೆ ಹಿರಿಯರಿಗಿಂತ ಹೆಚ್ಚು ನಂಬಿಕೆ. ಸರ್ಕಾರದ ಶೇ 14 ಪೂರ್ತಿಯಾಗಿ ತಮ್ಮ ಖಾತೆಗೇ ಬೀಳುತ್ತಿರುವಾಗ ಅದನ್ನು ಶೇ 10ಕ್ಕೆ ಇಳಿಸಿಕೊಳ್ಳಲು ಅವರಿಗೆ ಮನಸ್ಸಿಲ್ಲ.

ಅವಧಿಗೆ ಮುನ್ನ ಕೆಲಸ ಬಿಡುವವರ ಸಂಗತಿ ಮೂರನೆಯದು. ಸ್ವಯಂ ನಿವೃತ್ತಿ ಪಡೆದರೆ ಯುಪಿಎಸ್ ಪಿಂಚಣಿ ಕೂಡಲೇ ಶುರುವಾಗುವುದಿಲ್ಲ. ಸೇವೆಯಲ್ಲೇ ಇದ್ದಿದ್ದರೆ ವಯೋನಿವೃತ್ತಿ ಹೊಂದುತ್ತಿದ್ದ ದಿನದವರೆಗೆ ಕಾಯಬೇಕು. ನಿವೃತ್ತಿಯೆಂದರೆ ಅರವತ್ತರ ನಂತರದ ವಿಶ್ರಾಂತಿ ಎಂದುಕೊಂಡವರಿಗೆ ಇದು ದೊಡ್ಡ ಮಾತಲ್ಲ. ಆದರೆ ಐವತ್ತೆರಡಕ್ಕೇ ಹೊರಬಂದು ತೋಟ ಮಾಡಬೇಕು, ಪಾಠ ಹೇಳಬೇಕು, ಬೇರೊಂದು ಉದ್ಯೋಗ ಹಿಡಿಯಬೇಕು ಎನ್ನುವವರಿಗೆ ಎಂಟು ವರ್ಷ ಆದಾಯವಿಲ್ಲದ ಕಂದರ ಎದುರಾಗುತ್ತದೆ. ಬದುಕಿನ ಎರಡನೇ ಭಾಗದಲ್ಲಿ ಏನು ಮಾಡಬೇಕೆಂದಿದ್ದೇವೆ ಎಂಬ ಪ್ರಶ್ನೆ ಪಿಂಚಣಿ ಅರ್ಜಿಯೊಳಗೂ ನುಸುಳುವುದು ಹೀಗೆ. ನಮ್ಮಲ್ಲಿ ಹಣದ ಲೆಕ್ಕವನ್ನು ಮೊದಲು ಮುಗಿಸಿ, ಇದನ್ನು ಬೀಳ್ಕೊಡುಗೆ ಸಮಾರಂಭದ ಮರುದಿನಕ್ಕೆ ಬಿಡುವುದು ರೂಢಿ.

ಕೊನೆಯದು ಬರೀ ಸೋಮಾರಿತನ. ಅರ್ಜಿ ಹಾಕದವರು ತಾವಾಗಿಯೇ ಎನ್‌ಪಿಎಸ್‌ನಲ್ಲಿ ಉಳಿಯುತ್ತಾರೆ ಎಂದಿತ್ತು. ತಿರುಗಿಸಿ ಬರೆದಿದ್ದರೆ ಅಂಕಿಸಂಖ್ಯೆ ಬೇರೆಯೇ ಇರುತ್ತಿತ್ತು.

ಬೊಕ್ಕಸದ ಕಡೆಯಿಂದ

ರಾಜಸ್ಥಾನ, ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ ಒಪಿಎಸ್‌ಗೆ ಮರಳುವುದಾಗಿ ಪ್ರಕಟಿಸಿದವು. ಹೀಗೆ ಮರಳುವುದರಲ್ಲಿ ಒಂದು ವಿಚಿತ್ರ ಆಕರ್ಷಣೆಯಿದೆ. ಮರಳಿದ ತಿಂಗಳಿನಿಂದಲೇ ಸರ್ಕಾರ ತನ್ನ ಪಾಲಿನ ವಂತಿಗೆ ಕಟ್ಟುವುದು ನಿಲ್ಲುತ್ತದೆ, ಅಂದರೆ ಈ ವರ್ಷದ ಬಜೆಟ್‌ಗೆ ಉಳಿತಾಯ. ಪಿಂಚಣಿ ಕೊಡಬೇಕಾದ ಕಾಲ ಬರುವುದು ಹತ್ತಿಪ್ಪತ್ತು ವರ್ಷದ ನಂತರ, ಇನ್ಯಾವುದೋ ಸರ್ಕಾರದ ಪಾಳಿಯಲ್ಲಿ. ಒಪಿಎಸ್‌ನ ಒಟ್ಟು ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟಿನವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್‌ನ ಲೇಖನವೊಂದು ಅಂದಾಜಿಸಿತ್ತು. ಅಲ್ಲದೆ, ಈಗಾಗಲೇ ಎನ್‌ಪಿಎಸ್‌ನಲ್ಲಿ ತೊಡಗಿಸಿದ ಹಣವನ್ನು ರಾಜ್ಯಗಳಿಗೆ ವಾಪಸು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳುತ್ತ ಬಂದಿದೆ.

ಕರ್ನಾಟಕ ಮಧ್ಯದಲ್ಲಿ ನಿಂತಿದೆ. 2023ರ ಮಾರ್ಚ್ 1ರ ಮುಷ್ಕರದಲ್ಲಿ ನೌಕರರ ಮುಖ್ಯ ಬೇಡಿಕೆಗಳಲ್ಲಿ ಒಪಿಎಸ್ ಕೂಡ ಒಂದು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅದನ್ನು ಪ್ರಣಾಳಿಕೆಗೆ ಸೇರಿಸಿತು. 2024ರ ಜನವರಿಯಲ್ಲಿ ಸುಮಾರು 13,000 ಮಂದಿಗೆ ಹಳೆ ಯೋಜನೆ ಸಿಕ್ಕಿತು. ಅವರು 2006ಕ್ಕೆ ಮುಂಚಿನ ಅಧಿಸೂಚನೆಯ ಮೇಲೆ ಆಯ್ಕೆಯಾಗಿ, ನೇಮಕಾತಿ ತಡವಾದದ್ದರಿಂದ ಎನ್‌ಪಿಎಸ್‌ಗೆ ಬಿದ್ದವರು. ಅವರಿಗೆ ಸಿಕ್ಕಿದ್ದು ನ್ಯಾಯವೇ. ಉಳಿದ ಲಕ್ಷಾಂತರ ನೌಕರರ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ಖಾಸಗಿಯವರ ಪಾಡು

ಈ ಇಡೀ ಜಗಳ ನಡೆಯುತ್ತಿರುವುದು ದುಡಿಯುವವರಲ್ಲಿ ಒಂದು ಸಣ್ಣ ಭಾಗದ ಕುರಿತು. ಭವಿಷ್ಯ ನಿಧಿಯಿರುವ ಖಾಸಗಿ ನೌಕರರಿಗೆ 1995ರ ನೌಕರರ ಪಿಂಚಣಿ ಯೋಜನೆ ಇದೆ. ಅದರ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 2014ರಿಂದ ಆ ವೇತನಕ್ಕೆ 15,000 ರೂಪಾಯಿಯ ಮಿತಿಯಿದ್ದು, ಆ ಮಿತಿಯಲ್ಲಿ 35 ವರ್ಷ ಎಂದು ಲೆಕ್ಕ ಹಾಕಿದರೂ ಬರುವುದು 7,500. ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಎಂದು ನಿಗದಿಯಾಯಿತು. ತುಟ್ಟಿ ಪರಿಹಾರವಂತೂ ಇಲ್ಲ.

ಡಿಸೆಂಬರ್‌ನ ಶೇ 80ರ ನಿಯಮವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವರ್ಷಾಶನದ ದರ ಕಡಿಮೆ, ಅದರಲ್ಲಿ ಹಣವನ್ನು ಕಟ್ಟಿಹಾಕುವುದೇಕೆ ಎಂಬ ದೂರು ಬಹುಕಾಲದ್ದು. ಈಗ ಸರ್ಕಾರೇತರ ಚಂದಾದಾರರು ಶೇ 20ಕ್ಕೆ ಮಾತ್ರ ವರ್ಷಾಶನ ಕೊಂಡರೆ ಸಾಕು. ನಿಧಿ 8 ಲಕ್ಷದೊಳಗಿದ್ದರೆ ಪೂರ್ತಿ ಹಣ ಕೈಗೆ. ಬೇಕಿದ್ದರೆ 85ನೇ ವಯಸ್ಸಿನವರೆಗೆ ಹಣವನ್ನು ಎನ್‌ಪಿಎಸ್‌ನಲ್ಲೇ ಬಿಡಬಹುದು. ಸ್ವಾತಂತ್ರ್ಯ ಹೆಚ್ಚಿತು ನಿಜ, ಅದರೊಂದಿಗೆ ಆಯುಷ್ಯದ ಭಾರವೂ ವಿಮಾ ಕಂಪನಿಯಿಂದ ಚಂದಾದಾರರ ಹೆಗಲಿಗೆ ಸರಿಯಿತು. ಅರವತ್ತಕ್ಕೆ ದೊಡ್ಡ ಮೊತ್ತ ಕೈಗೆ ಬಂದಾಗ ಮಗಳ ಮದುವೆ, ಮಗನ ಫ್ಲ್ಯಾಟ್, ತಮ್ಮನ ವ್ಯಾಪಾರ ಎಲ್ಲವೂ ಒಟ್ಟಿಗೇ ಬಾಗಿಲಿಗೆ ಬರುತ್ತವೆ. ಬೇಡ ಎನ್ನಲು ಹಿಂದೆ ನಿಯಮದ ನೆಪವಾದರೂ ಇತ್ತು.

ಇನ್ನೊಂದು ವ್ಯತ್ಯಾಸ ಆರೋಗ್ಯದ್ದು. ಕಂಪನಿಯ ಸಾಮೂಹಿಕ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟೊಡನೆ ಮುಗಿಯುತ್ತದೆ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ 2024ರಲ್ಲಿ ಆರಂಭಿಸಿತು. ನಡುವಿನ ಹತ್ತು ವರ್ಷಕ್ಕೆ ಸ್ವಂತ ಪಾಲಿಸಿಯೇ ಗತಿ. ಅದನ್ನು ಅರವತ್ತಕ್ಕೆ ಹುಡುಕಲು ಹೊರಟರೆ ಕಂತೂ ದುಬಾರಿ, ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯೂ ಉದ್ದ.

ಬಾಗಿಲು ಯಾರಿಗೆ ತೆರೆದಿದೆ

ಯುಪಿಎಸ್ ಆರಿಸಿಕೊಂಡ 1.22 ಲಕ್ಷ ಮಂದಿಗೆ ಹಿಂದಿರುಗುವ ಅವಕಾಶ ಒಮ್ಮೆ ಇದೆ. ವಯೋನಿವೃತ್ತಿಗೆ ಒಂದು ವರ್ಷ ಮುಂಚಿನವರೆಗೆ ಅವರು ಎನ್‌ಪಿಎಸ್‌ಗೆ ಮರಳಬಹುದು. ಎನ್‌ಪಿಎಸ್‌ನಲ್ಲೇ ಉಳಿದ ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಜನರಿಗೆ ಗಡುವಿನೊಂದಿಗೆ ಈ ಕಡೆಯ ಬಾಗಿಲು ಮುಚ್ಚಿತು. ಷೇರುಪೇಟೆ ದೀರ್ಘಕಾಲ ಮಂಕಾದರೆ ಅದನ್ನು ಮತ್ತೆ ತೆರೆಯಿರಿ ಎಂಬ ಒತ್ತಡ ಬಂದೇ ಬರುತ್ತದೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯ ಎಂಟನೇ ವೇತನ ಆಯೋಗದ ಶಿಫಾರಸಿನಿಂದ ಮೂಲ ವೇತನ ಏರಿದರೆ ಯುಪಿಎಸ್‌ನ ಅರ್ಧ ಸಂಬಳವೂ ಅದರೊಡನೆ ಏರುತ್ತದೆ. ಹಾಗಾದಾಗ ನಿವೃತ್ತಿಯ ಅಂಚಿನಲ್ಲಿರುವವರಿಗೆ ಯುಪಿಎಸ್ ಇಂದಿಗಿಂತ ಹೆಚ್ಚು ಲಾಭದ್ದಾಗಿ ಕಾಣುತ್ತದೆ. ಎನ್‌ಪಿಎಸ್‌ನಲ್ಲಿ ಕೊನೆಯ ಕೆಲವು ವರ್ಷದ ಏರಿಕೆ ನಿಧಿಯ ಗಾತ್ರವನ್ನು ಅಷ್ಟೇನೂ ಬದಲಿಸುವುದಿಲ್ಲ.

ಕೇಂದ್ರ ಸೇವೆಗೆ ಹೊಸದಾಗಿ ಸೇರುವವರಿಗೆ ಆಯ್ಕೆ ಹೇಳಲು ಇರುವುದು ಸೇರಿದಂದಿನಿಂದ 30 ದಿನ. ಇಪ್ಪತ್ತಾರರ ವಯಸ್ಸಿನವರು ಆ ತಿಂಗಳೊಳಗೆ ಅರವತ್ತರ ನಂತರದ ಲೆಕ್ಕ ಮಾಡಬೇಕು. ಅವರು ಷೇರುಪೇಟೆಯ ಭವಿಷ್ಯ ಕೇಳುವುದಕ್ಕಿಂತ, ಉತ್ತರ ಸಿಗಬಹುದಾದ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಈ ಕೆಲಸದಲ್ಲಿ 25 ವರ್ಷ ಇರುವ ಮನಸ್ಸಿದೆಯೇ? ಸಂಗಾತಿಗೆ ಸ್ವಂತ ಪಿಂಚಣಿ ಇರುತ್ತದೆಯೇ? ನಡುವೆ ಈ ನಿಧಿಗೆ ಕೈಹಾಕುವ ಸಂದರ್ಭ ಬರಬಹುದೇ? ಮೊದಲನೆಯದಕ್ಕೆ ಹೌದು, ಉಳಿದೆರಡಕ್ಕೆ ಇಲ್ಲ ಎಂಬುದು ಉತ್ತರವಾದರೆ ಯುಪಿಎಸ್‌ನತ್ತ ವಾಲಬಹುದು. ಹೇಗಿದ್ದರೂ ಅಲ್ಲಿಂದ ಹಿಂದಿರುಗುವ ದಾರಿಯಿದೆ.